ಒಗೆಯಬಾರದಿದ್ದ ಮಫ್ಲರು

ಮನೆಯಿಂದ,
ಮೇ ೧೮, ಭಾನುವಾರ ಬೆಳಿಗ್ಗೆ

ಪ್ರೀತಿಯ ಮಗಳಿಗೆ, ನಿನ್ನ ಅತ್ತೆ ಅಡುಗೆಮನೆಯ ಮೇಜಿನ ಮುಂದೆ ಕೂತು ಬರೆಯುವ ಕಾಗದ.

ಹೇಗಿದ್ದೀಯ? ಹೋದ ಕಾಗದದಲ್ಲಿ ನೀನು ಸ್ವಲ್ಪ ಕೆಮ್ಮು ಎಂದು ಬರೆದಿದ್ದೆ. ನಿನ್ನ ಸ್ವಲ್ಪ ಎಷ್ಟೆಂದು ನನಗೆ ಗೊತ್ತು. ಮದುವೆಯಾದ ವರ್ಷ ಸ್ವಲ್ಪ ಜ್ವರ ಎಂದು ಮಲಗಿದವಳು ಹತ್ತು ದಿನ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಆ ದ್ವೀಪಕ್ಕೆ ಗಾಳಿ ಅಳೆಯುವ ಕೆಲಸಕ್ಕೆ ಹೋದವಳು ಗಾಳಿಯನ್ನೆಲ್ಲ ಎದೆಗೆ ತುಂಬಿಕೊಂಡು ಬರಬೇಡ. ಬಿಸಿನೀರು ಕುಡಿ, ಕಿವಿ ಮುಚ್ಚಿಕೋ, ಒದ್ದೆ ಕಾಲುಚೀಲದಲ್ಲಿ ಮಲಗಬೇಡ. ನಾನು ಚೆನ್ನಾಗಿದ್ದೇನೆ. ಮೊಣಕಾಲು ಮೆಟ್ಟಿಲು ಕಂಡರೆ ಮಾತ್ರ ಮುನಿಸಿಕೊಳ್ಳುತ್ತದೆ. ನಿನ್ನ ಗಂಡನೂ ಚೆನ್ನಾಗಿದ್ದಾನೆ. ನೀನಿಲ್ಲದೆ ಬಡವಾಗಿದ್ದಾನೆ ಎಂದು ಬರೆದರೆ ನಿನಗೆ ಸಂತೋಷವಾಗುತ್ತಿತ್ತೇನೋ, ಆದರೆ ಅವನ ಬಸ್ಸಿನ ಸೀಟಿಗೂ ಸ್ಟಿಯರಿಂಗಿಗೂ ನಡುವೆ ಹೊಟ್ಟೆ ಕಷ್ಟಪಟ್ಟು ಕೂತಿದೆ.

ನಿನ್ನೆಯ ಫಲಿತಾಂಶ ನಿನಗೆ ರೇಡಿಯೋದಲ್ಲೇ ತಿಳಿದಿರುತ್ತದೆ. ನಮ್ಮ ಫುಟ್‌ಬಾಲ್ ತಂಡ ಕೆಳಗಿನ ದರ್ಜೆಗೆ ಇಳಿಯಲಿಲ್ಲ. ಈ ವರ್ಷ ನನ್ನ ಹೊಟ್ಟೆಯೊಳಗೆ ಎರಡು ಭಯ ಕೂತಿದ್ದವು, ಅದರಲ್ಲಿ ಒಂದು ನಿನ್ನೆ ಸಂಜೆ ಐದು ಗಂಟೆಗೆ ಇಳಿಯಿತು. ಇನ್ನೊಂದು ಈ ಕಾಗದ ಬರೆದು ಮುಗಿಸಿದ ಮೇಲೆ ಇಳಿಯಬೇಕು. ಹೋದ ನಾಲ್ಕು ಕಾಗದಗಳಲ್ಲೂ ಅದನ್ನೇ ಬರೆಯಬೇಕೆಂದು ಕೂತು, ಕೊನೆಗೆ ಇಲ್ಲಿ ಚಳಿ ಹೆಚ್ಚು, ಇಲ್ಲಿ ಮೋಡ ಎಂದು ಬರೆದು ಕಳಿಸಿದೆ. ಹವಾಮಾನ ಕೇಂದ್ರದಲ್ಲಿರುವವಳಿಗೆ ಹವಾಮಾನ ಬರೆದ ಮೂರ್ಖಳು ನಾನೊಬ್ಬಳೇ ಇರಬೇಕು. ಇವತ್ತು ತಪ್ಪಿಸಿಕೊಳ್ಳುವುದಿಲ್ಲ. ಮಗಳೇ, ನಿನ್ನ ಅಪ್ಪನ ಹಸಿರು ಬಿಳಿ ಮಫ್ಲರನ್ನು ನಾನು ಒಗೆದುಬಿಟ್ಟೆ.

ಹೇಗಾಯಿತು ಎಂದು ಹೇಳುತ್ತೇನೆ, ಆಮೇಲೆ ನೀನು ಏನು ಬೈದರೂ ಸರಿ. ನೀನು ಹೊರಡುವಾಗ ನಿನ್ನ ಚಿಂತೆಯೆಲ್ಲ ಮೈದಾನದಲ್ಲಿ ನಿಮ್ಮ ಹೆಸರಿಗಿರುವ ಆ ಕುರ್ಚಿಯ ಮೇಲಿತ್ತು. ಇಪ್ಪತ್ತೆರಡು ವರ್ಷ ಅಪ್ಪ ಕೂತದ್ದು, ಅವರು ಹೋದ ಮೇಲೆ ಮೂರು ವರ್ಷ ನೀನು ಕೂತದ್ದು, ಐದು ಪಂದ್ಯ ಖಾಲಿ ಬಿದ್ದರೆ ಕ್ಲಬ್ಬಿನವರು ಕಾಯುವವರ ಪಟ್ಟಿಯಿಂದ ಯಾರಿಗೋ ಕೊಟ್ಟುಬಿಡುತ್ತಾರೆ. ಪಂದ್ಯದ ದಿನ ನಿನ್ನ ಗಂಡನಿಗೆ ಮೈದಾನದ ಬಸ್ಸಿನಲ್ಲೇ ಡ್ಯೂಟಿ. ಉಳಿದವಳು ನಾನು. ಇಪ್ಪತ್ತೆರಡು ಜನ ಒಂದು ಚೆಂಡಿಗೆ ಯಾಕೆ ಹೊಡೆದಾಡಬೇಕು, ಆಳಿಗೊಂದು ಕೊಡಿಸಬಾರದೇ ಎಂದು ನಿನ್ನನ್ನು ಎಷ್ಟು ಗೋಳು ಹೊಯ್ದುಕೊಂಡಿದ್ದೆ. ಅದೇ ಬಾಯಲ್ಲಿ ಒಪ್ಪಿಕೊಂಡೆ. ಆಟ ನೋಡುವುದಿಲ್ಲ, ಕುರ್ಚಿ ಬೆಚ್ಚಗಿಟ್ಟು ಬರುತ್ತೇನೆ ಎಂದೆ. ಮೊದಲ ಪಂದ್ಯದ ಹಿಂದಿನ ದಿನ ಬೆಳಿಗ್ಗೆ ಬಾಗಿಲ ಹಿಂದಿನ ಮೊಳೆಯಿಂದ ಮಫ್ಲರು ತೆಗೆದರೆ ತುದಿಯಲ್ಲಿ ವಾರ್ನಿಷ್ ಕಲೆ, ಕಾಫಿ ಕಲೆ, ಹೊಗೆಸೊಪ್ಪಿನ ಘಾಟು. ಮೂವತ್ತೆರಡು ವರ್ಷ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದ ಕೈ ಇದು. ಕಣ್ಣಿಗೆ ಕಲೆ ಬಿದ್ದರೆ ನನ್ನನ್ನು ಕೇಳುವುದೇ ಇಲ್ಲ, ತಾನಾಗಿ ಬಕೆಟ್ಟಿಗೆ ಹೋಗುತ್ತದೆ. ತಣ್ಣೀರಿನಲ್ಲಿ ನೆನೆಹಾಕಿ, ಮೂರು ನೀರು ತೆಗೆದೆ. ಕಂದು ಬಣ್ಣ ಹರಿದು ಹೋಗುವುದನ್ನು ನೋಡಿ ನನಗೆ ಎಂಥ ಸಮಾಧಾನವಾಗಿತ್ತು ಅಂದರೆ, ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಮರುದಿನ ಹೊರಡುವಾಗ ನಿನ್ನ ಕೋಟು ಹಾಕಿಕೊಂಡು ಜೇಬಿಗೆ ಕೈ ಹಾಕಿದೆ. ಒಗೆಯುವ ಮುಂಚೆ ಜೇಬು ನೋಡು ಎಂದು ಎಷ್ಟು ಹುಡುಗಿಯರಿಗೆ ಪಾಠ ಹೇಳಿದವಳು ನಾನು, ಆದರೆ ಕೋಟು ಒಗೆಯುವುದಿರಲಿಲ್ಲ, ಮಫ್ಲರಿಗೆ ಜೇಬಿರಲಿಲ್ಲ. ಜೇಬಿನಲ್ಲಿ ನಿನ್ನ ಚೀಟಿ. ಮೂರನೇ ಗೇಟು, ಏಳನೇ ಸಾಲು, ಕುರ್ಚಿಯ ಎಡಗಡೆ ಒಂದು ಮೊಳೆ ಎದ್ದಿದೆ ಜೋಪಾನ. ಕೊನೆಯಲ್ಲಿ, 'ಅತ್ತೆ, ಮಫ್ಲರ್ ಮಾತ್ರ ಒಗೀಬೇಡಿ, ಅಪ್ಪನ ವಾಸನೆ ಅದರಲ್ಲಷ್ಟೇ ಉಳಿದಿರೋದು.' ಮಫ್ಲರು ಮೂಗಿಗೆ ಹಿಡಿದರೆ ಸಾಬೂನು, ಬರೀ ಸಾಬೂನು.

ಅವತ್ತು ನಮ್ಮವರು ಮೂರು ಗೋಲು ತಿಂದು ಸೋತರು. ನನ್ನ ಎಡಗಡೆ ನೀನು ಶಿಳ್ಳೆ ಮಾಮ ಎನ್ನುವ ಬೀಗ ರಿಪೇರಿಯವರು, ನಿನ್ನ ಅಪ್ಪನ ಪಕ್ಕ ಅಷ್ಟು ವರ್ಷ ಕೂತ ಗೆಳೆಯರು. ಬಲಗಡೆ ಆ ದಂತವೈದ್ಯೆ. ದವಾಖಾನೆಯಲ್ಲಿ ನೋವಾಯ್ತಾ ಪುಟ್ಟಾ ಎಂದು ಬೆಣ್ಣೆಯ ಹಾಗೆ ಮಾತಾಡುವ ಹೆಂಗಸು ರೆಫರಿಗೆ ಬೈಯುವುದನ್ನು ಕೇಳಿ ನಾನು ನನ್ನ ಹಲ್ಲುಗಳನ್ನೇ ಮುಟ್ಟಿ ನೋಡಿಕೊಂಡೆ. ಶಿಳ್ಳೆ ಮಾಮ ಮಫ್ಲರನ್ನು ನೋಡಿ 'ಏನಮ್ಮ, ಹೊಸದಾ?' ಎಂದರು. ಬಿಸಿಲಿಗೆ ಹಾಕಿದ್ದೆ ಎಂದೆ. ಮುಂದಿನ ಪಂದ್ಯ ಸೋತರು, ಅದರ ಮುಂದಿನದೂ ಸೋತರು. ಏಳು ಪಂದ್ಯ ಒಂದೇ ಸಮನೆ ಗೆಲುವಿಲ್ಲ. ಈ ಸಾಲಿನವರ ನಂಬಿಕೆಗಳು ನಿನಗೆ ಗೊತ್ತಲ್ಲ. ಯಾರು ಜಾಗ ಬದಲಾಯಿಸಿದರು, ಯಾರು ಕಾಲುಚೀಲ ಬದಲಾಯಿಸಿದರು ಎಂದು ಒಬ್ಬರನ್ನೊಬ್ಬರು ಪತ್ತೆ ಮಾಡುತ್ತಿದ್ದರು. ಕಳ್ಳಿ ನಾನು ಅವರ ನಡುವೆಯೇ ಕೂತಿದ್ದೆ. ಮಫ್ಲರು ಗೋಲು ಹೊಡೆಯುವುದಿಲ್ಲ ಎಂದು ನನಗೆ ಗೊತ್ತು. ಆದರೂ ಎದುರಿನವರು ಗೋಲು ಹೊಡೆದಾಗಲೆಲ್ಲ ಅದು ನನ್ನ ಬಕೆಟ್ಟಿನಿಂದಲೇ ಎದ್ದು ಬಂದ ಹಾಗಾಗುತ್ತಿತ್ತು.

ವಾಸನೆ ವಾಪಸು ತರಲು ನೋಡಿದೆ, ನಗಬೇಡ. ನಿನ್ನ ಅಪ್ಪ ಬಡಗಿ ಕೆಲಸದವರು ಎಂದು ಮುಖ್ಯರಸ್ತೆಯ ಬಡಗಿ ಅಂಗಡಿಗೆ ಹೋಗಿ, ಈ ಮಫ್ಲರನ್ನು ಒಂದು ವಾರ ನಿಮ್ಮ ಗೋಡೆಗೆ ತೂಗುಹಾಕಿ ಎಂದು ಕೇಳಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, 'ಅಮ್ಮಾ, ಮನೇಲಿ ಎಲ್ಲಾ ಸೌಖ್ಯ ತಾನೆ?' ಎಂದ. ಪುಣ್ಯಾತ್ಮ ತೂಗುಹಾಕಿದ. ವಾರದ ಮೇಲೆ ತಂದರೆ ಹೊಸ ಬೀರುವಿನ ವಾಸನೆ. ನಿನ್ನ ಅಪ್ಪ ಯಾವ ಬೀರುವಿನ ಹಾಗೂ ಇರಲಿಲ್ಲ. ಅವತ್ತು ನಾನು ಅತ್ತುಬಿಟ್ಟೆ. ನಿನ್ನ ಗಂಡ, ಅಮ್ಮ ಈರುಳ್ಳಿ ಹೆಚ್ಚುತ್ತಿದ್ದಾಳೆ ಎಂದುಕೊಂಡ.

ಹೀಗೆ ಅಪರಾಧಿಯ ಹಾಗೆ ಕೂತು ಕೂತು, ಆಟದ ಕಡೆ ನೋಡದೆ ಬೇರೆ ದಾರಿ ಇರಲಿಲ್ಲ. ಆಫ್‌ಸೈಡ್ ಎಂದರೇನು ಎಂದು ದಂತವೈದ್ಯೆ ನನ್ನ ತೊಡೆಯ ಮೇಲೆ ಪೆಪ್ಪರ್‌ಮಿಂಟ್ ಜೋಡಿಸಿ ಮೂರು ಸಲ ಹೇಳಿಕೊಟ್ಟಳು. ಮೂರು ಸಲವೂ ಅರ್ಥವಾಗದೆ ಪೆಪ್ಪರ್‌ಮಿಂಟ್ ತಿಂದೆ. ಗೋಲ್‌ಕೀಪರನ ಅಂಗಿ ಬೇರೆ ಬಣ್ಣ ಇರುವುದು ಅವನದು ಒಗೆದು ಬಂದಿಲ್ಲವೆಂದಲ್ಲ ಎಂದೂ ತಿಳಿಯಿತು. ಆದರೆ ನನಗೆ ಗೊತ್ತಿರುವುದು ಕಲೆ. ನಮ್ಮ ಆರನೇ ನಂಬರಿನವನ ಚಡ್ಡಿಯನ್ನು ಗಮನಿಸಿದೆ, ಪ್ರತಿ ಪಂದ್ಯದಲ್ಲೂ ಎಡ ಸೊಂಟದ ಮೇಲೆ ಕೆಸರು, ಬಲಗಡೆ ಅಂಗಡಿಯಿಂದ ತಂದ ಹಾಗೆ ಬೆಳ್ಳಗೆ. ಈ ಹುಡುಗ ಬಲಕ್ಕೆ ಬೀಳಲು ಹೆದರುತ್ತಾನೆ ಎಂದೆ. ಸಾಲಿಗೆ ಸಾಲೇ ನಕ್ಕಿತು. ಮುಂದಿನ ವಾರ ಎದುರಾಳಿಗಳು ಅವನ ಬಲಗಡೆಯಿಂದಲೇ ನುಗ್ಗಿ ಎರಡು ಗೋಲು ಹೊಡೆದರು, ಆಮೇಲೆ ಯಾರೂ ನಗಲಿಲ್ಲ. ಅಲ್ಲಿಂದ ಮುಂದೆ ಅರ್ಧ ಆಟಕ್ಕೆ ವಿರಾಮ ಬಿದ್ದ ಕೂಡಲೇ ಹಿಂದಿನ ಸಾಲಿನವರು ಬಗ್ಗಿ, 'ಅಮ್ಮಾ, ಇವತ್ತು ಬಟ್ಟೆ ಏನು ಹೇಳ್ತಿದೆ?' ಎಂದು ಕೇಳುವುದು ರೂಢಿಯಾಯಿತು. ನಿನಗೆ ಮರ್ಯಾದೆ ತಂದಿದ್ದೇನೆ, ಅಷ್ಟಾದರೂ ಲೆಕ್ಕಕ್ಕೆ ಹಿಡಿ.

ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಮಳೆ ಬಂದು ಆಟ ನಿಂತಿತು. ಎಲ್ಲರೂ ಟೀ ಕುಡಿಯಲು ಹೋದರು, ಶಿಳ್ಳೆ ಮಾಮ ಮತ್ತು ನಾನು ಇಬ್ಬರೇ ಉಳಿದೆವು. ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ. ಅವರು, 'ಒಗೆದೋರು ನೀವು, ಬಚ್ಚಿಟ್ಟೋನು ನಾನು' ಎಂದರು. ಇದು ನಿನಗೂ ಗೊತ್ತಿರದ ಸಂಗತಿ. ನಿನ್ನ ಅಪ್ಪನೂ ಇವರೂ ಒಂದು ಸಲ ಯಾವುದೋ ಗೋಲಿನ ವಿಷಯಕ್ಕೆ ಜಗಳವಾಡಿ, ಮುಂದಿನ ವರ್ಷ ಬರುವುದೇ ಇಲ್ಲ ಎಂದು ಇಬ್ಬರೂ ಹಟ ಹಿಡಿದಿದ್ದರಂತೆ. ರಾಜಿಯಾದ ಮೇಲೆ ಒಂದು ಪದ್ಧತಿ ಮಾಡಿಕೊಂಡರಂತೆ. ಪ್ರತಿ ವರ್ಷ ಕೊನೆಯ ಪಂದ್ಯದ ದಿನ ಇಬ್ಬರೂ ಟೋಪಿ ಅದಲುಬದಲು ಮಾಡಿಕೊಳ್ಳುವುದು, ಹೊಸ ಆಟದ ಋತುವಿನ ಮೊದಲ ಪಂದ್ಯಕ್ಕೆ ಬಂದು ವಾಪಸು ಕೊಡುವುದು. ತನ್ನ ಟೋಪಿ ಬೇಕಾದವನು ಬರಲೇಬೇಕು. ನಿನ್ನ ಅಪ್ಪ ತೀರಿಕೊಂಡದ್ದು ಎರಡು ಋತುಗಳ ನಡುವೆ. ಅವರ ಟೋಪಿ ಶಿಳ್ಳೆ ಮಾಮನ ಹತ್ತಿರವೇ ಉಳಿಯಿತು. 'ಅವನು ಕೇಳೋಕೆ ಬರಲಿಲ್ಲ. ಮಗಳಿಗೆ ಕೊಡಬೇಕಿತ್ತು, ಮನಸ್ಸು ಬರಲಿಲ್ಲ. ಬಿಗಿ ಮುಚ್ಚಳದ ಡಬ್ಬೀಲಿ ಇಟ್ಟಿದೀನಿ. ತೆಗೆಯೋದೂ ಇಲ್ಲ, ವಾಸನೆ ಹೋಗಿಬಿಡುತ್ತೆ ಅಂತ.'

ನಮ್ಮ ಬಾಗಿಲ ಹಿಂದೆ ಮಫ್ಲರಿನ ಪಕ್ಕ ಒಂದು ಕಂದು ಟೋಪಿ ತೂಗುತ್ತಿತ್ತಲ್ಲ, ಅಪ್ಪನ ತಲೆಗೆ ದೊಡ್ಡದು, ಯಾಕೆ ಇಟ್ಟುಕೊಂಡಿದ್ದರೋ ಎಂದು ನೀನು ಹೇಳುತ್ತಿದ್ದೆಯಲ್ಲ, ಅದು ಇವರದು. ಮುಂದಿನ ಪಂದ್ಯಕ್ಕೆ ತೆಗೆದುಕೊಂಡು ಹೋಗಿ ಕೊಟ್ಟೆ. ಒಗೆಯದೆ, ಧೂಳನ್ನೂ ಕೊಡವದೆ ಕೊಟ್ಟೆ, ನನ್ನ ಮಟ್ಟಿಗೆ ಅದು ತಪಸ್ಸು. ಅವರು ಅದನ್ನು ಹಾಕಿಕೊಂಡು ಅವತ್ತು ಒಂದು ಶಿಳ್ಳೆಯನ್ನೂ ಹೊಡೆಯಲಿಲ್ಲ. ಡಬ್ಬಿಯ ಮಾತು ಅವರು ಎತ್ತಲಿಲ್ಲ, ನಾನೂ ಕೇಳಲಿಲ್ಲ. ನಿನಗಾಗಿ ಕೇಳಬೇಕೆಂದು ನಾಲಿಗೆ ತುದಿಯವರೆಗೆ ಬಂದಿತ್ತು. ಆದರೆ ಒಬ್ಬರದನ್ನು ಹಾಳು ಮಾಡಿದವಳು ಇನ್ನೊಬ್ಬರದನ್ನು ಯಾವ ಮುಖದಿಂದ ಕೇಳಲಿ.

ನಿನ್ನೆಯದು ಹೇಳಿ ಮುಗಿಸುತ್ತೇನೆ. ಸೋತರೆ ಕೆಳಗೆ, ಸಮವಾದರೆ ಸಾಕು. ಎಂಬತ್ತೊಂಬತ್ತು ನಿಮಿಷ ಎರಡೂ ಕಡೆ ಗೋಲಿಲ್ಲ. ದಂತವೈದ್ಯೆ ಬೈಯುವುದನ್ನೂ ಮರೆತು ನನ್ನ ಕೈ ಹಿಡಿದುಕೊಂಡಿದ್ದಳು, ನನ್ನ ಬೆರಳುಗಳಲ್ಲಿ ಈಗಲೂ ಗುರುತಿದೆ. ಕೊನೆಯ ನಿಮಿಷದಲ್ಲಿ ಎದುರಾಳಿಯೊಬ್ಬ ನಮ್ಮ ಗೋಲ್‌ಕೀಪರನನ್ನೂ ದಾಟಿ ಚೆಂಡನ್ನು ಖಾಲಿ ಗೋಲಿಗೆ ತಳ್ಳಿದ. ಅದು ಹೋಗುತ್ತಿದ್ದದ್ದು ನಮ್ಮ ಆರನೇ ನಂಬರಿನವನ ಬಲಗಡೆಗೆ. ನನಗೆ ಕಣ್ಣು ಮುಚ್ಚಿಕೊಳ್ಳಬೇಕೆನಿಸಿತು, ಮುಚ್ಚಲಿಲ್ಲ. ಆ ಹುಡುಗ ಇಡೀ ವರ್ಷ ಬೀಳದ ಕಡೆಗೆ ಬಿದ್ದ. ಜಾರಿಕೊಂಡು ಹೋಗಿ ಗೆರೆಯ ಮೇಲೆ ಕಾಲು ಚಾಚಿ ಚೆಂಡನ್ನು ಹೊರಗೆ ಒದ್ದ. ಎದ್ದು ನಿಂತಾಗ ಬಲ ಸೊಂಟದಿಂದ ಮೊಣಕಾಲಿನವರೆಗೆ ಕೆಸರು. ನಾನು ಮೊಣಕಾಲು ಮರೆತು ಕುರ್ಚಿಯ ಮೇಲೆ ಹತ್ತಿ, ಬಲಗಡೆ ಕಲೆ, ಬಲಗಡೆ ಕಲೆ ಎಂದು ಕೂಗಿದೆನಂತೆ. ಇಷ್ಟು ವರ್ಷದಲ್ಲಿ ಒಂದು ಕಲೆ ಕಂಡು ಇಷ್ಟು ಸಂತೋಷ ಪಟ್ಟದ್ದು ಇದೇ ಮೊದಲು. ಶಿಳ್ಳೆ ಮಾಮ ಹೊಡೆದ ಶಿಳ್ಳೆ ಹೊರಗೆ ಬಸ್ಸಿನಲ್ಲಿದ್ದ ನಿನ್ನ ಗಂಡನಿಗೂ ಕೇಳಿಸಿತಂತೆ. ಅವನು ನಿಲ್ದಾಣದಲ್ಲಿ ಹಾರನ್ ಒತ್ತಿ ಹಿಡಿದು ಬಿಡಲೇ ಇಲ್ಲ. ಯಾರೋ ದೂರು ಕೊಟ್ಟಿದ್ದಾರೆ, ಕೊಡಲಿ.

ಹೊರಡುವಾಗ ಶಿಳ್ಳೆ ಮಾಮ ತಮ್ಮ ಕಂದು ಟೋಪಿ ತೆಗೆದು ನನ್ನ ಕೈಗಿಟ್ಟರು. ನಾನು ನನ್ನ ಉಣ್ಣೆಯ ಟೋಪಿ ತೆಗೆದು ಕೊಟ್ಟೆ. ಹಾಗಾಗಿ ಆಗಸ್ಟಿನಲ್ಲಿ ಹೊಸ ಋತುವಿನ ಮೊದಲ ಪಂದ್ಯಕ್ಕೆ ನಾನು ಹೋಗಲೇಬೇಕು. ನಿನ್ನ ಕುರ್ಚಿ ನಿನ್ನದೇ, ಒಂದು ಪಂದ್ಯವೂ ಖಾಲಿ ಬಿಟ್ಟಿಲ್ಲ, ಎದ್ದಿದ್ದ ಮೊಳೆಯನ್ನೂ ಬಡಿದಿದ್ದೇನೆ. ನನಗೆ ಅದೇ ಸಾಲಿನಲ್ಲಿ ಇನ್ನೊಂದು ಕೊಡಿಸು. ಮಫ್ಲರು ಮೊಳೆಗೇ ತೂಗುತ್ತಿದೆ. ತಪ್ಪಾಯಿತು ಎಂದು ಅತ್ತೆ ಸೊಸೆಗೆ ಹೇಳುವುದು ನಮ್ಮ ಮನೆಯಲ್ಲಿ ಹಿಂದೆ ನಡೆದಿಲ್ಲ. ನಮ್ಮ ಅತ್ತೆಯಂತೂ ನನಗೆ ಹೇಳಿದವರಲ್ಲ. ನಾನು ಹೇಳುತ್ತೇನೆ, ತಪ್ಪಾಯಿತು ಮಗಳೇ. ನಿನ್ನ ಅಪ್ಪನನ್ನು ನಿನ್ನಿಂದ ಎರಡನೇ ಸಲ ಕಳೆದವಳು ನಾನು. ಕೋಪವಿದ್ದರೆ ಇಟ್ಟುಕೋ, ಆದರೆ ಕಾಗದ ಬರೆಯುವುದನ್ನು ನಿಲ್ಲಿಸಬೇಡ.

ಕೆಮ್ಮಿಗೆ ಔಷಧಿ ತಗೋ. ಅಲ್ಲಿರುವ ನಿನ್ನ ಜೊತೆಯವರಿಗೆಲ್ಲ ನನ್ನ ಹಾರೈಕೆ. ನೂರು ಕಾಲ ಬಾಳು, ಬೇಗ ಬಾ.

ನಿನ್ನ ಅತ್ತೆ

ಮರೆತ ಮಾತಲ್ಲ, ಈಗ ಬಂದದ್ದು: ಲಕೋಟೆ ಅಂಟಿಸಬೇಕೆನ್ನುವಾಗ ಬಾಗಿಲು ಬಡಿಯಿತು. ಶಿಳ್ಳೆ ಮಾಮ ನನ್ನ ಉಣ್ಣೆ ಟೋಪಿ ಹಾಕಿಕೊಂಡು ನಿಂತಿದ್ದಾರೆ, ಕೈಯಲ್ಲಿ ಡಬ್ಬಿ. 'ನಾಳೆ ಹಡಗಿಗೆ ಇದೂ ಹೋಗ್ಲಿ, ಅವನ ಟೋಪಿ ಅವನ ಮಗಳ ಹತ್ರ ಇರಲಿ, ನಂಗೀಗ ಇನ್ನೊಂದು ಸಿಕ್ಕಿದೆ' ಎಂದರು. ನಾನು ಕಣ್ಣು ಒರೆಸಿಕೊಂಡೆ. ಡಬ್ಬಿಗೆ ಅವರೇ ಮಾಡಿದ ಪುಟ್ಟ ಬೀಗ ಹಾಕಿದ್ದಾರೆ. ದಾರಿಯಲ್ಲಿ ಯಾರು ಕದಿಯುತ್ತಾರೆ ಎಂದು ಕೇಳಿದರೆ, 'ದಾರಿಗಲ್ಲಮ್ಮ, ನಿಮಗೆ' ಎಂದರು. ಬೀಗದ ಕೈ ಈ ಕಾಗದದ ಮಡಿಕೆಯಲ್ಲಿದೆ. ನಾನು ಲಕೋಟೆ ಅಂಟಿಸುವವರೆಗೂ ಅವರು ಬಾಗಿಲು ಬಿಟ್ಟು ಕದಲುವುದಿಲ್ಲವಂತೆ, ಅದಕ್ಕೇ ಇಷ್ಟಕ್ಕೆ ನಿಲ್ಲಿಸುತ್ತೇನೆ.