ಎಲ್ಲರಿಗೂ ಇಪ್ಪತ್ತು

ಮಾರ್ಚ್ 3, ಸೋಮವಾರ. ಬೆಳಿಗ್ಗೆ 7.10

ಮತ್ತೆ ಅದೇ ಬಿಳಿ ಯೂನಿಫಾರ್ಮ್, ಅದೇ ಇಸ್ತ್ರಿ. ಕಾಲರ್ ಮಾತ್ರ ಮಾತು ಕೇಳುತ್ತಿಲ್ಲ. ಎಂಟನೇ ಇಂಟರ್‌ವ್ಯೂ. ನರ್ಸಿಂಗ್ ಪಾಸಾಗಿ ಐದು ತಿಂಗಳು. ಎಲ್ಲರೂ ಕೇಳುವುದು ಒಂದೇ — ಎಕ್ಸ್‌ಪೀರಿಯನ್ಸ್ ಎಷ್ಟು? ಮೊದಲ ಕೆಲಸಕ್ಕೇ ಅನುಭವ ಬೇಕಂತೆ. ಎಲ್ಲಿಂದ ತರಲಿ, ಅಂಗಡಿಯಿಂದಲೇ?

ಅಮ್ಮ ಅಡುಗೆಮನೆಯಿಂದ: "ಸ್ವಲ್ಪ ನಗ್ತಾ ಮಾತಾಡು. ಹೋದ ಸಲ ಪೇಷೆಂಟ್ ಥರ ಮುಖ ಮಾಡ್ಕೊಂಡಿದ್ದೆ ಅನ್ಸುತ್ತೆ." ಪಕ್ಕದಲ್ಲೇ ಕೂತು ನೋಡಿದವಳ ಹಾಗೆ!

ಅದೇ ದಿನ, ಮಧ್ಯಾಹ್ನ 3

ಅರ್ಧ ಗೆದ್ದೆ. ಮುಂದಿನ ಸೋಮವಾರದಿಂದ ಮೂರು ದಿನ ವಾರ್ಡಿನಲ್ಲಿ ಟ್ರಯಲ್, ಬೆಳಗಿನ ಶಿಫ್ಟ್. ಇರುವುದು ಒಂದು ಪೋಸ್ಟ್, ಕರೆದಿರುವುದು ಇಬ್ಬರನ್ನು. ಇನ್ನೊಬ್ಬಳು ದಪ್ಪ ಕನ್ನಡಕದವಳು. ಚುರುಕು. ನೋಡಿದ ಕೂಡಲೇ ಹೊಟ್ಟೆ ಉರಿಯಿತು, ಸುಳ್ಳೇಕೆ.

ಅಪ್ಪ ತನ್ನ ವಾಚ್ ರಿಪೇರಿ ಅಂಗಡಿಯಿಂದ ಒಂದು ವಾಚ್ ತಂದುಕೊಟ್ಟ. ಡಯಲ್ ಒಂದರದು, ಮುಳ್ಳು ಇನ್ನೊಂದರದು. "ಸೆಕೆಂಡ್ ಮುಳ್ಳು ಮಾತ್ರ ನಿಮ್ಮಮ್ಮನ ನಾಲಿಗೆ ಥರ, ನಿಲ್ಲೋದೇ ಇಲ್ಲ" ಅಂದ. ಒಳಗೆ ಪಾತ್ರೆ ಸದ್ದು ಜೋರಾಯಿತು.

ಮಾರ್ಚ್ 10, ಸೋಮವಾರ. ಸಂಜೆ 4

ಮೊದಲ ದಿನ. ಕಾಲು ಬಿದ್ದುಹೋಗಿದೆ. ನನಗೆ ಹದಿನೆಂಟು ಬೆಡ್, ಎದುರು ಸಾಲಿನ ಹದಿನೆಂಟು ಕನ್ನಡಕದವಳಿಗೆ. ಜ್ವರ, ನಾಡಿ, ಬಿಪಿ, ಉಸಿರು — ನೋಡಿ ಚಾರ್ಟಿನಲ್ಲಿ ಬರೆಯಬೇಕು. ಉಸಿರು ಎಣಿಸುತ್ತಿದ್ದಾರೆ ಅಂತ ಗೊತ್ತಾದರೆ ಮನುಷ್ಯ ಉಸಿರಾಡುವ ರೀತಿಯೇ ಬದಲಾಗುತ್ತದೆ. ಅದಕ್ಕೇ ಕಾಲೇಜಿನಲ್ಲಿ ಒಂದು ಉಪಾಯ ಕಲಿಸಿದ್ದರು. ನಾಡಿ ನೋಡಿಯಾದ ಮೇಲೂ ಕೈ ಬಿಡಬಾರದು. ಇನ್ನೂ ನಾಡಿಯನ್ನೇ ನೋಡುತ್ತಿರುವ ಹಾಗೆ ನಟಿಸುತ್ತ ಎದೆ ಏರಿಳಿಯುವುದನ್ನು ಎಣಿಸಬೇಕು. ಪೂರ್ತಿ ಒಂದು ನಿಮಿಷ.

ಏಳನೇ ಬೆಡ್ಡಿನ ಅಜ್ಜಿ. ಜ್ವರ, ಕೆಮ್ಮು, ಬಾಯಿ ತುಂಬ ಮಾತು. "ಎಲ್ರೂ ಹಿಂಗೆ ಮುಟ್ಟಿ ಹಂಗೆ ಹೋಗ್ತಾರೆ. ನೀನ್ಯಾಕೆ ಇಷ್ಟೊತ್ತು ಕೈ ಹಿಡ್ಕೊಂಡಿದೀಯ? ಮದುವೆ ಗಿದುವೆ ಆಗೋ ಯೋಚನೆನಾ?" ನಗು ಬಂದು ಎಣಿಕೆ ತಪ್ಪಿತು. ಮತ್ತೆ ಮೊದಲಿನಿಂದ. ಇಪ್ಪತ್ತೆರಡು.

ಮುಗಿಸಲು ಒಂದು ಗಂಟೆ ಇಪ್ಪತ್ತು ನಿಮಿಷ. ಅಷ್ಟರಲ್ಲಿ ಕನ್ನಡಕದವಳು ಟೀ ಕುಡಿದು ಲೋಟ ತೊಳೆದಿಟ್ಟಿದ್ದಳು. ಇನ್‌ಚಾರ್ಜ್ ಸಿಸ್ಟರ್ ಕೇಳಿದರು: "ಏನಮ್ಮಾ, ಸಂಜೆವರೆಗೂ ಇಲ್ಲೇ ಇರೋ ಯೋಚನೆನಾ?"

ಹಳೆಯ ಚಾರ್ಟುಗಳನ್ನು ತಿರುವಿದೆ. ಉಸಿರಿನ ಕಾಲಂನಲ್ಲಿ 20, 20, 20. ನಿನ್ನೆ, ಮೊನ್ನೆ, ಮೂರೂ ಶಿಫ್ಟ್. ಇಡೀ ವಾರ್ಡು ಡ್ರಿಲ್ ಮಾಡುತ್ತಿದೆಯೇ? ಕನ್ನಡಕದವಳು ಕಿವಿಯ ಹತ್ತಿರ ಬಂದು, "ಅದನ್ನೆಲ್ಲ ಯಾರು ಎಣಿಸ್ತಾರೆ? ನಾರ್ಮಲ್ ಅಂತ ಇಪ್ಪತ್ತು ಹಾಕು, ಮುಂದೆ ಹೋಗು" ಅಂದಳು.

ಮಾರ್ಚ್ 11, ಮಂಗಳವಾರ

ಒಂದು ಗಂಟೆ ಐದು ನಿಮಿಷ. ಅಜ್ಜಿ ಇಪ್ಪತ್ತನಾಲ್ಕು.

ಇನ್‌ಚಾರ್ಜ್ ಸಿಸ್ಟರ್ ಪಕ್ಕಕ್ಕೆ ಕರೆದರು. ತಮ್ಮ ಟೀಯಲ್ಲಿ ಅರ್ಧ ನನಗೆ ಸುರಿದರು. "ನಾನೂ ನಿನ್ನ ಥರಾನೇ ಎಣಿಸ್ತಿದ್ದೋಳು. ಇಬ್ರೇ ಸ್ಟಾಫ್. ಎಣಿಸ್ತಾ ಕೂತ್ರೆ ಡ್ರಿಪ್ ಯಾರು ನೋಡ್ತಾರೆ? ನಾಳೆ ನಲವತ್ತು ನಿಮಿಷದಲ್ಲಿ ಮುಗಿಸು. ಇಲ್ದಿದ್ರೆ ನಿನ್ನ ಪರವಾಗಿ ನಾನೇನೂ ಹೇಳೋಕಾಗಲ್ಲ."

ಕೆಟ್ಟವರಲ್ಲ. ಅದೇ ತೊಂದರೆ. ಕೆಟ್ಟವರಾಗಿದ್ದರೆ ಮನಸ್ಸಿನಲ್ಲೇ ಬೈದುಕೊಂಡು ಹಾಯಾಗಿರುತ್ತಿದ್ದೆ.

ಮಾರ್ಚ್ 12, ಬುಧವಾರ. ಮಧ್ಯಾಹ್ನ 2.45

ಮೂವತ್ತೆಂಟು ನಿಮಿಷ! ಕೆಲಸ ಸಿಕ್ಕಿತು!! ಸೋಮವಾರ ಜಾಯಿನಿಂಗ್. ಅಮ್ಮ ಒದ್ದೆ ಕೈಯಲ್ಲೇ ಬೀದಿಗೆಲ್ಲ ಹೇಳಿ ಬಂದಳು. ಯಾರಿಗೂ ಬೇಡವಾಗಿದ್ದ ಮಗಳು ಈಗ ಅರ್ಧ ಡಾಕ್ಟರ್.

4.20

ಊಟದ ತಟ್ಟೆ ಮುಚ್ಚಿಟ್ಟು ಎದ್ದೆ.

ಹದಿನೆಂಟು ಬೆಡ್ಡಿಗೂ ಇಪ್ಪತ್ತು ಬರೆದೆ. ಅಜ್ಜಿ ಇವತ್ತು ತಾನೇ ಕೈ ಚಾಚಿದ್ದಳು. ನಾಡಿ ನೋಡಿ ಹೊರಟೆ. "ಇವತ್ತು… ನಿಲ್ಲಲೇ ಇಲ್ಲ… ನೀನು" ಅಂದಳು. ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡೆ. ಮೊನ್ನೆ ಒಂದೇ ಉಸಿರಿಗೆ ಮದುವೆಯವರೆಗೆ ಹೋದವಳು, ಇವತ್ತು ಅಷ್ಟು ಹೇಳುವುದಕ್ಕೆ ಎರಡು ಸಲ ನಿಂತಳು. ತಲೆಯ ಕೆಳಗೆ ಇನ್ನೊಂದು ದಿಂಬು ಬೇರೆ. ಅದನ್ನೂ ನೋಡಿದೆ. ನೋಡಿಯೂ ಬರೆದೆ.

ರೌಂಡ್ಸಿಗೆ ಬಂದ ಡಾಕ್ಟರ್ ಆ ಚಾರ್ಟ್ ನೋಡಿಯೇ "ನಾಳೆ ಮನೆಗೆ ಕಳಿಸ್ಬಹುದು" ಅಂದಿದ್ದು.

ವಾರ್ಡಿಗೆ ಮೂರು ಸಲ ಫೋನ್ ಮಾಡಿದೆ. ಯಾರೂ ಎತ್ತುತ್ತಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ. ಸಿಕ್ಕಿ ಮೂರು ಗಂಟೆ ಕೂಡ ಆಗಿಲ್ಲ. ಅಮ್ಮನ ಮುಖ… ಮುಂದಿನ ಬಸ್ಸು 4.35ಕ್ಕೆ. ಚಪ್ಪಲಿ ಎಲ್ಲಿ ಹೋಯಿತು

ಮಾರ್ಚ್ 13, ಗುರುವಾರ

ಮೂವತ್ತಾರು.

ನಿನ್ನೆ ಸಂಜೆ ವಾರ್ಡಿಗೆ ಓಡಿ, ಅಜ್ಜಿಯ ಉಸಿರನ್ನು ಎರಡು ಸಲ ಎಣಿಸಿದೆ, ತಪ್ಪಾಗಿರಲಿ ದೇವರೇ ಅಂತ. ಡ್ಯೂಟಿ ಡಾಕ್ಟರ್ ಓಡಿ ಬಂದರು. ಆಕ್ಸಿಜನ್. ಎಕ್ಸ್‌ರೇ. ಎದೆಯ ಅರ್ಧ ಭಾಗ ಬೆಳ್ಳಗೆ, ನ್ಯುಮೋನಿಯಾ. ಐಸಿಯು.

"ಬೆಳಿಗ್ಗೆ ಇಪ್ಪತ್ತು ಅಂತಿದೆಯಲ್ಲ. ಯಾರು ಬರೆದದ್ದು?"

ಇನ್‌ಚಾರ್ಜ್ ಸಿಸ್ಟರ್ ಮನೆಗೆ ಹೊರಟವರು ಬ್ಯಾಗ್ ಹಿಡಿದು ಅಲ್ಲೇ ನಿಂತಿದ್ದರು. ನಾನು ಅವರ ಕಡೆ ನೋಡಲಿಲ್ಲ. "ನಾನು. ಎಣಿಸದೆ ಬರೆದೆ" ಅಂದೆ. ಅವರು ನೆಲ ನೋಡಿದರು. ಸೋಮವಾರ ಬರಬೇಡ, ಬೇಕಾದರೆ ಫೋನ್ ಮಾಡ್ತೀವಿ ಅಂತ ಆಫೀಸಿನಲ್ಲಿ ಹೇಳಿ ಕಳಿಸಿದರು.

ಅಮ್ಮ ಇವತ್ತು ಒಂದೇ ಮಾತು: "ಕೆಲಸ ಸಿಕ್ಕ ದಿನಾನೇ ಕಳ್ಕೊಂಡು ಬಂದೋಳು ನೀನೊಬ್ಳೇ ಇರ್ಬೇಕು." ಆಮೇಲೆ ತಟ್ಟೆಗೆ ಎರಡು ಸಲ ಬಡಿಸಿದಳು. ಅಪ್ಪ ನನ್ನ ವಾಚ್ ಎತ್ತಿಕೊಂಡು ಹೋಗಿ, ಕೀ ಕೊಟ್ಟು, ಮತ್ತೆ ತಂದಿಟ್ಟ.

ಮಾರ್ಚ್ 18, ಮಂಗಳವಾರ

ಸೋಮವಾರ ಬಂತು, ಹೋಯಿತು. ಫೋನ್ ಬರಲಿಲ್ಲ. ಕನ್ನಡಕದವಳ ಮೆಸೇಜ್ ಬಂತು: ನನ್ನನ್ನ ಕರೆದಿದ್ದಾರೆ. ಸಾರಿ.

ಒಬ್ಬಳೇ ಕೂತು ಅತ್ತೆ. ಇದಕ್ಕೂ ಸುಳ್ಳೇಕೆ.

ವಿಸಿಟಿಂಗ್ ಅವರ್‌ನಲ್ಲಿ ಹೋದೆ, ಎಲ್ಲರ ಹಾಗೆ ಬಣ್ಣದ ಬಟ್ಟೆಯಲ್ಲಿ. ಅಜ್ಜಿ ಮತ್ತೆ ಏಳನೇ ಬೆಡ್ಡಿಗೆ ಬಂದಿದ್ದಾಳೆ, ಮೂಗಿಗೆ ನಳಿಕೆ. ನನ್ನನ್ನು ನೋಡಿ ಕೈ ಚಾಚಿದಳು. "ಕಳ್ಳಿ. ನಾಡಿ ಅಂತ ಹೇಳಿ ಉಸಿರು ಎಣಿಸ್ತಿದ್ಯಂತೆ! ಡಾಕ್ಟ್ರು ಹೇಳಿದ್ರು. ತಗೋ, ಎಣಿಸ್ಕೋ. ಸುಮ್ನಿರ್ತೀನಿ." ಸುಮ್ಮನಿರುವುದು ಅವಳಿಂದ ಎಲ್ಲಾಗುತ್ತದೆ, ಮುಕ್ಕಾಲು ನಿಮಿಷ ಇದ್ದಳು. ಮೂರನೇ ಸಲಕ್ಕೆ ಪೂರ್ತಿಯಾಯಿತು.

ಇಪ್ಪತ್ತು. ನಿಜವಾದ ಇಪ್ಪತ್ತು. ಅಲ್ಲೇ ಅತ್ತುಬಿಟ್ಟೆ.

ಎದುರು ಸಾಲಿನಲ್ಲಿ ಕನ್ನಡಕದವಳು ಒಬ್ಬರ ಮುಂಗೈ ಹಿಡಿದು ನಿಂತಿದ್ದಳು. ತುಟಿ ಅಲ್ಲಾಡುತ್ತಿತ್ತು. ಇನ್‌ಚಾರ್ಜ್ ಸಿಸ್ಟರ್ ಹಾದುಹೋದರು, ನೋಡಿದರು. ಬೇಗ ಮುಗಿಸು ಅನ್ನಲಿಲ್ಲ.

ಮಾರ್ಚ್ 21, ಶುಕ್ರವಾರ. ಬೆಳಿಗ್ಗೆ 9.50

ಒಂಬತ್ತನೇ ಇಂಟರ್‌ವ್ಯೂ. ಹೊರಗಿನ ಬೆಂಚು. ಕಾಲರ್ ಇವತ್ತೂ ಎದ್ದು ನಿಂತಿದೆ.

ಫಾರಂ ತುಂಬಬೇಕು. ಅನುಭವ: ಮೂರು ದಿನ. ಕೊನೆಗೂ ಬರೆಯಲು ಏನಾದರೂ ಸಿಕ್ಕಿತು. ಅದರ ಕೆಳಗೆ, ಬಿಟ್ಟ ಕಾರಣ. ಪೆನ್ನು ಅಲ್ಲೇ ನಿಂತಿದೆ. ಪಕ್ಕದಲ್ಲಿ ಕೂತವಳು ಇಣುಕಿ ನೋಡಿ, "ಮನೆ ಕಡೆ ತೊಂದರೆ ಅಂತ ಹಾಕಿ. ಎಲ್ರೂ ಅದನ್ನೇ ಹಾಕೋದು, ಯಾರೂ ಓದಲ್ಲ" ಅಂದಳು.

ಎಲ್ಲರೂ ಅದನ್ನೇ ಹಾಕುವುದು.

ಬರೆಯಲು ಶುರು ಮಾಡಿದ್ದೇನೆ. ಒಬ್ಬ ಅಜ್ಜಿಯ ಉಸಿರನ್ನು ಎಣಿಸದೆಯೇ ಚಾರ್ಟಿನಲ್ಲಿ — ಇಲ್ಲಿವರೆಗೆ ಬಂದಿದೆ. ಅಕ್ಷರ ಸ್ಪಷ್ಟವಾಗಿದೆ. ಕರೆಯುತ್ತಿದ್ದಾರೆ. ನನ್ನನ್ನೇ. ಒಂದು ನಿಮಿಷ ಅಂದೆ, ಪೂರ್ತಿ ಬರೆದೇ ಒಳಗೆ