ಗಾಡಿ ಹೊರಡದ ದಿನ

ಜೂನ್ ೯, ಸೋಮವಾರ

ಕಾಲು ಸೇದುತ್ತಿವೆ, ಆದರೂ ನಿದ್ದೆ ಹತ್ತಿರ ಸುಳಿಯುತ್ತಿಲ್ಲ. ನಮ್ಮ ಆಂಬುಲೆನ್ಸಿನ ಡ್ರೈವರಣ್ಣನ ಮುಖವೇ ಕಣ್ಣಿಗೆ ಕಟ್ಟಿದೆ.

ಇವತ್ತು ಹೆರಿಗೆಗೆ ಬಂದವಳ ಹೊಟ್ಟೆಯಲ್ಲಿ ಮಗು ಅಡ್ಡ ತಿರುಗಿದೆ ಎಂದು ಗೊತ್ತಾದ ಕೂಡಲೇ ಅವನು ಎಂದಿನಂತೆ ಆಂಬುಲೆನ್ಸನ್ನು ಬಾಗಿಲಿಗೆ ತಂದಿಟ್ಟ. ಇಷ್ಟು ವರ್ಷ ಸಿಸೇರಿಯನ್ ಎಂದರೆ ಆ ಹಾಳು ರಸ್ತೆಯಲ್ಲಿ ದೊಡ್ಡಾಸ್ಪತ್ರೆಗೆ ಓಟ. ದಾರಿಯಲ್ಲೇ ಕಣ್ಣು ಮುಚ್ಚಿದವರು... ಬೇಡ, ಇವತ್ತು ಅದು ಬೇಡ. ಈಗ ನಮ್ಮ ಸಣ್ಣ ಆಸ್ಪತ್ರೆಯಲ್ಲೇ ಆಪರೇಷನ್ ಕೋಣೆ ಶುರುವಾಗಿದೆ, ಅರಿವಳಿಕೆ ಡಾಕ್ಟರೂ ಬಂದಿದ್ದಾರೆ. ಅವನಿಗೂ ಗೊತ್ತು, ನಂಬಿಕೆಯಿಲ್ಲ ಅಷ್ಟೆ. ಒಳಗೆ ಆಪರೇಷನ್ ಮುಗಿಯುವವರೆಗೂ ಹೊರಗೆ ಎಂಜಿನ್ ಗುರ್ರೆನ್ನುತ್ತಲೇ ಇತ್ತು!

ಮಗುವನ್ನು ಅಜ್ಜಿಯ ಕೈಗಿತ್ತು ಹೊರಬಂದೆ.

"ಬೇಗ ಕರ್ಕೊಂಡ್ ಬನ್ನಿ ಸಿಸ್ಟರ್, ಲೇಟಾಗ್ತಿದೆ!"

"ಯಾರನ್ನಣ್ಣಾ? ಹೆಣ್ಣು ಮಗು. ತಾಯಿನೂ ಚೆನ್ನಾಗಿದ್ದಾಳೆ."

"ಇಲ್ಲೇ ಆಯ್ತಾ?"

"ಇಲ್ಲೇ. ಗಾಡಿ ಆಫ್ ಮಾಡಣ್ಣ."

ಎಂಜಿನ್ ನಿಂತಿತು. ಆಗ ಅವನಿಗೂ ಕೇಳಿಸಿತು, ಒಳಗಿನಿಂದ ಮಗುವಿನ ಕಿರುಚಾಟ.

"ಅಬ್ಬಾ, ನನ್ನ ಸೈರನ್ನಿಗಿಂತ ಜೋರು!" ಎಂದು ತೋಳಿನಿಂದ ಕಣ್ಣೊರೆಸಿಕೊಂಡ. ಗಾಡಿಯಿಂದ ಇಳಿದವನು ತಲೆ ಕೆರೆದುಕೊಳ್ಳುತ್ತಾ, "ಈಗ ನಾನೇನ್ ಮಾಡ್ಲಿ? ಇಷ್ಟ್ ಬೇಗ ಮನೆಗೆ ಹೋದ್ರೆ ನನ್ ಹೆಂಡ್ತಿ ಗಾಬರಿ ಬೀಳ್ತಾಳೆ" ಎಂದ.

ನೆನೆದರೆ ನಗು ತಡೆಯಲಾಗುತ್ತಿಲ್ಲ, ಬರೆಯಲೂ...