ನೆಲ್ಲಿ ಮರದ ಕೆಳಗಿನ ಪಂಕ್ತಿ

ಸದಾಶಿವ ಪೇಟೆ, ಪುಣೆ
ರವಿವಾರ ಸಂಜೆ, ೨೨ ನವೆಂಬರ್ ೧೯೪೨

ನೋಡದೆಯೂ ನನಗೆ ಅಕ್ಕನಾಗಿರುವ ನಾಗವ್ವ ಅವರಿಗೆ,

ಗೋದಾಳ ನಮಸ್ಕಾರ. ನಿಮ್ಮ ತಮ್ಮ ಗುರುಸಿದ್ಧ ಸಿಕ್ಕಿಬಿದ್ದಿಲ್ಲ. ಇವತ್ತು ಹೊಟ್ಟೆ ತುಂಬ ಉಂಡಿದ್ದಾನೆ. ಇಷ್ಟನ್ನು ಮೊದಲು ತಿಳಿದುಕೊಂಡು ಆಮೇಲೆ ಮುಂದಿನದನ್ನು ಓದಿರಿ. ಈ ಪತ್ರವನ್ನು ಟಪಾಲಿಗೆ ಹಾಕುವುದಿಲ್ಲ, ನಂಬಿಕೆಯವರ ಕೈಯಲ್ಲಿ ಕಳಿಸುತ್ತೇನೆ. ಓದಿದ ಮೇಲೆ ಒಲೆಗೆ ಹಾಕಿಬಿಡಿ.

ನಾನು ಧಾರವಾಡದವಳು, ಇಲ್ಲಿ ಬಿಂದುಮಾಧವ ಕಾಕಾ ಅವರ ಮನೆಯಲ್ಲಿದ್ದೇನೆ. ಕಾಕಾ ಸರಕಾರಿ ಗುಮಾಸ್ತರು. ಯಾರಾದರೂ ವರ್ತಮಾನಪತ್ರಿಕೆಯನ್ನು ಗಟ್ಟಿಯಾಗಿ ಓದಿದರೆ ಎದ್ದು ಹೋಗಿ ಕಿಟಕಿ ಮುಚ್ಚುತ್ತಾರೆ. ನಾನು ಅವರನ್ನು ಮನಸ್ಸಿನಲ್ಲೇ ಗುಲಾಮ ಎಂದು ಕರೆಯುತ್ತಿದ್ದೆ. ನನ್ನ ವಿದ್ಯೆಯೆಲ್ಲ ಕೈಯಿಂದ ಕೈಗೆ ಬಂದ ಕರಪತ್ರಗಳದು. ಹೆದರುವವನಿಗೆ ದೇಶವಿಲ್ಲ ಎಂದು ಅವು ಹೇಳುತ್ತಿದ್ದವು, ನಾನು ನಂಬಿದ್ದೆ. ಇವತ್ತು ಹೆದರಿದವಳು ನಾನೇ.

ಬೆಳಗಾವಿ ಕಡೆ ಚಳವಳಿಯಲ್ಲಿ ತಾರಿನ ತಂತಿ ಕಡಿದ ಮೇಲೆ ಗುರುಸಿದ್ಧ ಶನಿವಾರ ಪೇಟೆಯ ಒಂದು ಕೋಣೆಯಲ್ಲಿ ಅಡಗಿದ್ದ. ಮೊನ್ನೆ ಪೊಲೀಸರು ಆ ಮನೆಯ ಝಡತಿ ಮಾಡಿ ಮೂಲೆಮೂಲೆ ಶೋಧಿಸಿದರು. ಅವನು ಹಿಂದಿನ ಗೋಡೆ ಹಾರಿ ತಪ್ಪಿಸಿಕೊಂಡ. ಪೊಲೀಸರ ಮುಂದಾಳು ಕರಿ ಟೋಪಿಯ, ದಪ್ಪ ಮೀಸೆಯ ಮನುಷ್ಯ. ಎದುರಿನ ಕಟ್ಟೆಯ ಮೇಲೆ ತರಕಾರಿ ಕೊಳ್ಳುವವಳ ಹಾಗೆ ನಿಂತು ನಾನು ಅವನನ್ನು ಚೆನ್ನಾಗಿ ನೋಡಿದ್ದೆ. ನಮ್ಮವರೊಬ್ಬರು ಇವತ್ತು ಸಂಜೆ ಗುರುಸಿದ್ಧನನ್ನು ಗಾಡಿಯಲ್ಲಿ ಊರಾಚೆಯ ಹಡಪಸರದ ಕಡೆ ದಾಟಿಸುವುದೆಂದು ನಿಶ್ಚಯವಾಗಿತ್ತು. ಅಲ್ಲಿಯವರೆಗೆ ಹಗಲೆಲ್ಲ ಅವನನ್ನು ಎಲ್ಲಿಡುವುದು? ಕಾರ್ತಿಕದಲ್ಲಿ ಇಲ್ಲಿಯವರು ಬುತ್ತಿ ಕಟ್ಟಿಕೊಂಡು ಹೋಗಿ ನೆಲ್ಲಿ ಮರದ ಕೆಳಗೆ ಉಣ್ಣುತ್ತಾರೆ. ಎಂಪ್ರೆಸ್ ಗಾರ್ಡನ್ನಿನಲ್ಲಿ ಜನವೋ ಜನ. ನೂರು ಪಂಕ್ತಿಗಳ ನಡುವೆ ಒಬ್ಬ ಹೆಚ್ಚಾದರೆ ಯಾರಿಗೆ ತಿಳಿದೀತು ಎಂದುಕೊಂಡೆ.

ಕಾಕಾ ಅವರ ಹೆಂಡತಿ ರಂಗೂಬಾಯಿ ಕಾಕೂಗೆ, ಗುರುಸಿದ್ಧ ಎನ್ನದೆ, ಶ್ಯಾಮ ಎಂಬ ಊರ ಕಡೆಯ ಬ್ರಾಹ್ಮಣರ ಹುಡುಗ, ಕಾಲೇಜಿನಲ್ಲಿ ಓದುತ್ತಾನೆ, ಖಾನಾವಳಿಯ ಊಟ ಮಾಡಿ ಸೊರಗಿದ್ದಾನೆ ಎಂದು ಹೇಳಿದೆ. "ಅಯ್ಯ, ಕರಕೊಂಡು ಬಾರ. ನೆಲ್ಲಿ ಗಿಡದ ಕೆಳಗ ಬ್ರಾಹ್ಮಣರ ಹುಡುಗಗ ಉಣಿಸಿದ್ರ ಪುಣ್ಯಾ ಬರ್ತದ" ಎಂದರು. ಕಾಕಾ ಅವರ ಒಂದು ಜನಿವಾರ ಕದ್ದು ಗುರುಸಿದ್ಧನಿಗೆ ಕೊಟ್ಟೆ. ಎಲೆಯ ಸುತ್ತ ನೀರು ಕಟ್ಟುವುದು, ಬಲಕ್ಕೆ ಅನ್ನದ ಅಗುಳು ಇಡುವುದು ಎಲ್ಲ ಕಲಿಸಿದೆ. ಜಾತಿಯನ್ನು ಸುಡಬೇಕೆಂದು ಭಾಷಣ ಮಾಡುವವಳು ಜಾತಿಯ ಪಾಠ ಹೇಳಿದೆ. ಕೊರಳ ಲಿಂಗವನ್ನು ತೆಗೆದಿಡು ಎಂದಾಗ ಮಾತ್ರ ಅವನು ಜಗಳಕ್ಕೆ ನಿಂತ. "ಜೇಲಿಗೆ ಹೋಗತೇನಿ, ಇದನ್ನ ಬಿಚ್ಚಾಂಗಿಲ್ಲ" ಎಂದ. ಕೊನೆಗೆ ಬಟ್ಟೆಯಲ್ಲಿ ಸುತ್ತಿ ರಟ್ಟೆಗೆ ಕಟ್ಟಿಕೊಂಡು ಮೇಲೆ ಶಾಲು ಹೊದ್ದ.

ಅಕ್ಕಾ, ಆ ತೋಟ ನಿಜಕ್ಕೂ ಚೆಂದ. ಮುಗಿಲು ಮುಟ್ಟುವ ಮರಗಳು, ನಡುವೆ ಹರಿಯುವ ಕಾಲುವೆ, ಮನುಷ್ಯನ ತೊಡೆಯಷ್ಟು ದಪ್ಪದ ಬಳ್ಳಿಗಳು. ಮಕ್ಕಳು ಆ ಬಳ್ಳಿಗಳಲ್ಲಿ ಜೋಕಾಲಿ ಆಡುತ್ತಿದ್ದವು. ಊರೂರಿನ ಪೊಲೀಸರು ಹುಡುಕುತ್ತಿರುವ ನಿಮ್ಮ ತಮ್ಮ ಶಾಲನ್ನು ಬಿಗಿಯಾಗಿ ಸುತ್ತಿಕೊಂಡು ಅವುಗಳ ಜೊತೆ ತಾನೂ ಜೀಕಿದ. ನಾನು ನಕ್ಕೆ. ಎಷ್ಟು ದಿನಗಳ ಮೇಲೆ ನಕ್ಕೆನೋ. ನೀವು ಇದರಲ್ಲಿ ಬೇರೆ ಅರ್ಥ ಹುಡುಕಬೇಡಿ.

ಕಾಕಾ ಕಾಲು ತೊಳೆಯಲು ಕಾಲುವೆಗೆ ಹೋಗಿದ್ದರು, ಕಾಕೂ ನೀರು ತರಲು ಹೋಗಿದ್ದರು. ಆಗ ಆ ಕರಿ ಟೋಪಿಯವನು ಬಂದ. ನೆರಳಿನಲ್ಲಿ ಕೂತುಕೊಳ್ಳಲೇ ಎಂದು ಮರಾಠಿಯಲ್ಲಿ ಕೇಳಿ, ಉತ್ತರಕ್ಕೂ ಕಾಯದೆ ಕೈಯಳತೆಯಲ್ಲೇ ಕೂತ. ನಾನು ಕೈಯಲ್ಲಿದ್ದ ಊಟದ ಪತ್ರಾವಳಿಗಳನ್ನು ಕೆಳಗಿಟ್ಟೆ. ಈ ಊರಿನಲ್ಲಿ ನಮ್ಮಂಥವರಿಗೆ ಹೊರಗೆಲ್ಲ ಮರಾಠಿ, ಗುಟ್ಟಿಗೆ ಕನ್ನಡ. ಉಪ್ಪು ಬಡಿಸಲೇ ಎಂದು ಕೇಳುವವಳ ಹಾಗೆ ನಗುನಗುತ್ತ ಗುರುಸಿದ್ಧನಿಗೆ ಕನ್ನಡದಲ್ಲೇ ಹೇಳಿದೆ: "ಮನಿ ಝಡತಿ ಮಾಡಿದಂವ ಇವನ. ಮಾರಿ ಎತ್ತಬ್ಯಾಡ. ಬ್ರಾಹ್ಮಣರಂಗ ಉಣ್ಣು."

ಕಾಕಾ ಅವರ ಹಿಂದೆಯೇ ತಿರುಗಿ ಬಂದ ಕಾಕೂ, ಮರದ ಕೆಳಗೆ ಬಂದವರನ್ನು ಉಪವಾಸ ಕೂರಿಸಬಾರದೆಂದು ಆ ಮನುಷ್ಯನಿಗೂ ಎಲೆ ಹಾಕಿಸಿದರು. ಬೇಟೆಗಾರ ಮತ್ತು ಬೇಟೆ ಒಂದೇ ಪಂಕ್ತಿಯಲ್ಲಿ. ಗುರುಸಿದ್ಧ ನೀರು ಕಟ್ಟಿದ, ಅಗುಳಿಟ್ಟ, ಎಲ್ಲಿಯೂ ತಪ್ಪಲಿಲ್ಲ. ಬದನೆಕಾಯಿ ಪಲ್ಯ, ನೆಲ್ಲಿಕಾಯಿ ಚಟ್ನಿ, ಕೊನೆಗೆ ದೊನ್ನೆಯಲ್ಲಿ ಗೋಧಿ ಹುಗ್ಗಿ. ನಾನು ನುಂಗಿದ್ದು ಏನೆಂದು ನನಗೇ ತಿಳಿಯಲಿಲ್ಲ. ಆದರೂ ಊಟ ಮುಗಿಯುತ್ತ ಬಂದಂತೆ ಜೀವ ತುಸು ಹಗುರಾಯಿತು.

ಆಗ ಗುರುಸಿದ್ಧ ಎಲೆಯನ್ನು ಬೆರಳಿನಿಂದ ಬಳಿದು ಚೊಕ್ಕ ಮಾಡಿದ. ದೊನ್ನೆಗೆ ನೀರು ಹಾಕಿ, ತೊಳೆದು, ಕಣ್ಣಿಗೊತ್ತಿಕೊಂಡು ಆ ನೀರನ್ನು ಕುಡಿದುಬಿಟ್ಟ.

ಅಕ್ಕಾ, ಪ್ರಸಾದ ಕೆಡಿಸಬಾರದೆಂದು ನೀವೇ ಕಲಿಸಿದ್ದಲ್ಲವೇ? ತಾಯಿಯಿಲ್ಲದ ಕೂಸಿಗೆ ನೀವು ತುತ್ತಿನೊಂದಿಗೆ ಕಲಿಸಿದ ನಡತೆ ನನ್ನ ಒಂದು ದಿನದ ಪಾಠಕ್ಕೆ ಮರೆತೀತೇ? ಊಟದ ಮೊದಲಿನದನ್ನೆಲ್ಲ ಕಲಿಸಿದ ನಾನು ಕೊನೆಯದನ್ನು ಯೋಚಿಸಲೇ ಇಲ್ಲ. ನಮ್ಮ ಬ್ರಾಹ್ಮಣರು ಎಲೆಯಲ್ಲಿ ತುಸು ಬಿಟ್ಟೇ ಏಳುತ್ತಾರೆ.

ಟೋಪಿಯವನ ಕೈ ಅರ್ಧದಲ್ಲೇ ನಿಂತಿತು. ಇದು ಯಾವ ಜನರ ಪದ್ಧತಿ ಎಂದು ಮರಾಠಿಯಲ್ಲಿ ಕಾಕಾ ಅವರನ್ನು ಮೆಲ್ಲಗೆ ಕೇಳಿದ. ಕಾಕಾ ಗುರುಸಿದ್ಧನ ಮುಖ ನೋಡಿದರು, ನನ್ನ ಮುಖ ನೋಡಿದರು. ಅವರಿಗೆ ಎಲ್ಲವೂ ತಿಳಿದುಹೋಯಿತೆಂದು ಆ ಕಣ್ಣುಗಳೇ ಹೇಳಿದವು. ನೌಕರಿ, ಪಿಂಚಣಿ, ಮನೆ ಎಲ್ಲವೂ ಅವರ ಒಂದು ಮಾತಿನ ಮೇಲೆ ನಿಂತಿದ್ದವು.

ಕಾಕಾ ತಂಬಿಗೆ ಎತ್ತಿ ತಮ್ಮ ದೊನ್ನೆಗೆ ನೀರು ಹಾಕಿಕೊಂಡರು. ತೊಳೆದರು. ಗಟಗಟ ಕುಡಿದರು. ಈ ಮರದ ಕೆಳಗೆ ಉಂಡರೆ ನಮ್ಮ ಮನೆತನದಲ್ಲಿ ಒಂದು ಅಗುಳೂ ಕೆಡಿಸುವಂತಿಲ್ಲ ಎಂದು ಮರಾಠಿಯಲ್ಲಿ ಹೇಳಿದರು. ಅವಸರದಲ್ಲಿ ಅರ್ಧ ನೀರು ಎದೆಯ ಮೇಲೆ ಇಳಿಯುತ್ತಿತ್ತು.

ಏನೂ ತಿಳಿಯದ ಕಾಕೂ ಕನ್ನಡದಲ್ಲಿ ಹಂಗಿಸಿದರು: "ಯಾವ ಮನೆತನಾರೀ ಇದು? ಇಷ್ಟು ವರ್ಷ ಬಾಳೇ ಮಾಡೀನಿ, ದಿನಾ ಅರ್ಧಾ ಪಲ್ಯಾ ಎಲಿಯಾಗ ಬಿಟ್ಟು ಏಳತೀರಿ!" ಕನ್ನಡ ಬಾರದವನ ಮುಂದೆ ಆಡಿದ ಮಾತಲ್ಲವೇ ಎಂದು ದೇವರಿಗೆ ಕೈ ಮುಗಿದೆ. ನಾನೂ ನನ್ನ ದೊನ್ನೆ ತೊಳೆದು ಕುಡಿದೆ. ಆ ಮನುಷ್ಯ ಎದ್ದು, ಕೈ ತೊಳೆದುಕೊಂಡು, ಕಾಕೂಗೆ ನಮಸ್ಕಾರ ಮಾಡಿ ಹೋದ.

ಹೊತ್ತು ಇಳಿಯುವಾಗ ತೋಟದ ಬಾಗಿಲಿಗೆ ಗಾಡಿ ಬಂತು, ಗುರುಸಿದ್ಧ ಹೋದ. ಈ ತಿಂಗಳು ಮುಗಿಯುವುದರೊಳಗೆ ಬೈಲಹೊಂಗಲಕ್ಕೆ ಬಂದು ನಿಮ್ಮ ಕೈ ರೊಟ್ಟಿ ತಿನ್ನುತ್ತಾನಂತೆ. ಕಾಯುತ್ತಿರಿ.

ಮನೆಗೆ ಬಂದ ಮೇಲೆ ಕಾಕಾ ಕಿಟಕಿಗಳನ್ನೆಲ್ಲ ಮುಚ್ಚಿ ಕೂತಿದ್ದಾರೆ. ನಾನು ಇನ್ನು ಅವರನ್ನು ಆ ಹೆಸರಿನಿಂದ ಕರೆಯುವುದಿಲ್ಲ.

ನಿಮ್ಮ ತಂಗಿಯೆಂದು ಎಣಿಸಿರಿ,
ಗೋದಾ

ತಾಜಾ ಕಲಮು, ಸೋಮವಾರ ಬೆಳಿಗ್ಗೆ: ಮೇಲೆ ಕಾಯುತ್ತಿರಿ ಎಂದು ಬರೆದದ್ದನ್ನು ಹೊಡೆದುಹಾಕಿರಿ. ಈಗಷ್ಟೇ ತರಕಾರಿ ಮಂಡಿಯಲ್ಲಿ ಬದನೆಕಾಯಿ ಆರಿಸುತ್ತಿದ್ದೆ. ಪಕ್ಕದಲ್ಲಿ ಆ ಟೋಪಿಯವನು ಬಂದು ನಿಂತ. ನನ್ನ ಕಡೆ ನೋಡದೆ, ಅಪ್ಪಟ ನಿಮ್ಮೂರಿನ ಕನ್ನಡದಲ್ಲಿ ಹೇಳಿದ: "ನಿಮ್ಮ ಕಾಕೂನ ಪಲ್ಯಾ ಭಾಳ ಚಲೋ ಇತ್ತವಾ. ಆ ತಮ್ಮಗ ಹೇಳು, ಅಕ್ಕನ ಮನಿಗೆ ಹೋಗಬ್ಯಾಡ. ಅಲ್ಲಿ ನಮ್ಮ ಮಂದಿ ಕುಂತಾರ." ನಾವು ಆಡಿದ ಒಂದೊಂದು ಮಾತನ್ನೂ ಅವನು ಕೇಳಿಸಿಕೊಂಡಿದ್ದಾನೆ. ಇದು ದಯೆಯೋ, ನನ್ನ ಬೆನ್ನು ಹಿಡಿದು ನಿಮ್ಮ ತಮ್ಮನನ್ನು ಹುಡುಕುವ ಉಪಾಯವೋ ತಿಳಿಯದು. ಗುರುಸಿದ್ಧ ಈಗ ಎಲ್ಲಿದ್ದಾನೆಂಬುದೂ ನನಗೆ ಗೊತ್ತಿಲ್ಲ. ಅಕ್ಕಾ, ಅವನು ಬಂದು ಬಾಗಿಲು ಬಡಿದರೆ ತೆಗೆಯಬೇಡಿ. ಹೆಸರು ಹಿಡಿದು ಕೂಗಿದರೂ ತೆಗೆಯಬೇಡಿ. ಯಾರೋ ಭಿಕ್ಷೆಯವನೆಂದು ಓಣಿಗೆಲ್ಲ ಕೇಳುವ ಹಾಗೆ ಒಳಗಿನಿಂದಲೇ ಬೈದು ಕಳಿಸಿಬಿಡಿ.